ಮಗುವಿನ ಮೈಗೆ ಸೀಸ ಬಂದುದೆಲ್ಲಿಂದ?

ಸೀಸವು ಬಹು ಪುರಾತನ ಕಾಲದಿಂದಲೂ ಮನುಷ್ಯನಿಗೆ ಪರಿಚಯವಿರುವ ಲೋಹ. ಅದು ಎಷ್ಟು ಮೃದುವೆಂದರೆ ಉಗುರಿನಿಂದ ಗೀರಿದರೂ ಗೆರೆ ಮೂಡುವುದು. ೩೨೭ ಡಿಗ್ರಿ ಸೆಂಟಿಗ್ರೇಡಿನ ಶಾಖಕ್ಕೇ ಕರಗುವುದರಿಂದ ಸಾಧಾರಣವಾದ ಒಲೆಯ ಮೇಲೂ ಅದನ್ನು ಕರಗಿಸಿ ಬೇಕಾದ ಅಚ್ಚಿಗೆ ಎರೆಯಬಹುದು. ಕಬ್ಬಿಣದಂತೆ ಅದು ತುಕ್ಕು ಹಿಡಿದು ನಾಶವಾಗುವುದಿಲ್ಲ. ಅದರ ಸಂಯುಕ್ತಗಳಂತೂ ಕಣ್ಣಿಗೆ ಹಬ್ಬ: ಬಿಳಿಯ ಸಫೇದ, ಕೆಂಪು ಸಿಂಧೂರ, ಹೊಳೆಯುವ ಕ್ರೋಮ್ ಹಳದಿ, ಇವೆಲ್ಲ ಸೀಸದಿಂದ ಹುಟ್ಟಿದ ಬಣ್ಣಗಳು. ಆದುದರಿಂದಲೇ ನೀರಿನ ಕೊಳವೆ, ಬಂದೂಕಿನ ಗುಂಡು, ಮುದ್ರಣಾಲಯದ ಅಚ್ಚುಮೊಳೆ, ಬೆಸುಗೆ, ಮನೆಯ ಬಣ್ಣ, ಮಣ್ಣಿನ ಪಾತ್ರೆಯ ಮೆರುಗು, ಮೋಟಾರಿನ ಬ್ಯಾಟರಿ ಮೊದಲಾದ ನೂರಾರು ರೂಪಗಳಲ್ಲಿ ಸೀಸವು ನಮ್ಮ ಬಾಳಿನೊಳಗೆ ಸೇರಿಕೊಂಡಿತು.

ಇಷ್ಟು ಉಪಯುಕ್ತವಾದ ಈ ಲೋಹಕ್ಕೆ ಮನುಷ್ಯನ ಶರೀರದಲ್ಲಿ ಮಾತ್ರ ಯಾವ ಕೆಲಸವೂ ಇಲ್ಲ. ಕಬ್ಬಿಣ, ಸತು, ತಾಮ್ರಗಳು ಮಿತಿಯಲ್ಲಿದ್ದರೆ ನಮಗೆ ಬೇಕು. ಸೀಸವು ಎಷ್ಟಿದ್ದರೂ ಬೇಡ. ಅದು ರಕ್ತದ ಕೆಂಪು ದ್ರವ್ಯದ ತಯಾರಿಕೆಯನ್ನು ತಡೆಯುವುದು, ಮೂತ್ರಪಿಂಡಗಳನ್ನು ಕೆಡಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಬೆಳೆಯುತ್ತಿರುವ ಮಿದುಳಿಗೆ ಕೇಡು ಮಾಡುವುದು. ೨೦೨೦ರಲ್ಲಿ ಯೂನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ಸುಮಾರು ೮೦ ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ ೫ ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆ; ಅಂದರೆ ಮೂರು ಮಕ್ಕಳಲ್ಲಿ ಒಂದು ಮಗು. ಇವರಲ್ಲಿ ಸುಮಾರು ೨೭.೫ ಕೋಟಿ ಮಕ್ಕಳು ಭಾರತದವರು.

ಈ ಅಳತೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಡೆಸಿಲೀಟರ್ ಎಂದರೆ ೧೦೦ ಮಿಲಿಲೀಟರ್. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ. ೧೦ ಕಿಲೋಗ್ರಾಂ ತೂಗುವ ಕೂಸಿನ ಮೈಯಲ್ಲಿ ಹೆಚ್ಚುಕಡಿಮೆ ೮೦೦ ಮಿಲಿಲೀಟರ್ ರಕ್ತವಿರುವುದು. ಅದರಲ್ಲಿ ಡೆಸಿಲೀಟರಿಗೆ ೫ ಮೈಕ್ರೋಗ್ರಾಮಿನಂತೆ ಸೀಸವಿದ್ದರೆ ಒಟ್ಟು ೪೦ ಮೈಕ್ರೋಗ್ರಾಂ ಆಯಿತು. ಪುಡಿಯುಪ್ಪಿನ ಒಂದು ಹರಳಿನ ತೂಕವೂ ಇದಕ್ಕಿಂತ ಕಡಿಮೆಯಿರಲಾರದು! ಇಷ್ಟು ಅಲ್ಪವಾದ ವಸ್ತುವು ಯಾವ ದಾರಿಯಿಂದ ಮಗುವಿನ ಮೈ ಹೊಕ್ಕಿತೆಂದು ಕಂಡುಹಿಡಿಯುವುದು ಹೇಗೆ? ಈ ಲೇಖನದಲ್ಲಿ ನಾವು ವಿಚಾರ ಮಾಡಬೇಕಾಗಿರುವುದು ಈ ಪ್ರಶ್ನೆಯನ್ನೇ.

ಬ್ರಿಸ್ಬೇನಿನ ಕಟಕಟೆ

ಈ ಹುಡುಕಾಟದ ಇತಿಹಾಸದಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರಕ್ಕೆ ಮಾನ್ಯವಾದ ಸ್ಥಾನವುಂಟು. ಅಲ್ಲಿನ ಮಕ್ಕಳ ಆಸ್ಪತ್ರೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಚಿತ್ರವಾದ ಕಾಯಿಲೆಯ ಮಕ್ಕಳು ಬರತೊಡಗಿದರು. ಹೊಟ್ಟೆನೋವು, ಮಲಬದ್ಧತೆ, ಬಿಳಿಚಿದ ಮೈ; ಕೆಲವರಿಗೆ ಪಾದವೂ ಮುಂಗೈಯೂ ಸೋತು ಜೋಲುಬೀಳುವುದು; ಮತ್ತೆ ಕೆಲವರಿಗೆ ದೃಷ್ಟಿ ಮಂಕಾಗುವುದು. ಇದು ಸೀಸದ ವಿಷವೆಂದು ಡಾಕ್ಟರ್ ಜೆಫರಿಸ್ ಟರ್ನರ್ ಮತ್ತು ಅವರ ಸಹೋದ್ಯೋಗಿಗಳು ೧೮೯೨ರಲ್ಲಿಯೇ ವರದಿ ಮಾಡಿದರು. ರೋಗವೇನೋ ಗುರುತಿಗೆ ಸಿಕ್ಕಿತು. ಆದರೆ ವಿಷವು ಬರುತ್ತಿದ್ದುದೆಲ್ಲಿಂದ? ಸೀಸದ ಕೆಲಸ ಮಾಡುವ ವಯಸ್ಕರಿಗೆ ಈ ರೋಗ ಬರುವುದು ತಿಳಿದಿದ್ದ ವಿಷಯ. ಆದರೆ ಕಾರ್ಖಾನೆಯ ಬಾಗಿಲನ್ನೇ ಕಾಣದ ಎಳೆಯ ಮಕ್ಕಳಿಗೆ ಇದು ಬಂದುದು ಹೇಗೆಂಬುದು ಹತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ಒಗಟಾಗಿಯೇ ಉಳಿಯಿತು.

ಈ ಒಗಟನ್ನು ಬಿಡಿಸಿದವರು ನೇತ್ರವೈದ್ಯರಾದ ಲಾಕ್‌ಹಾರ್ಟ್ ಗಿಬ್ಸನ್. ಬ್ರಿಸ್ಬೇನಿನ ಮನೆಗಳು ಬಹುಮಟ್ಟಿಗೆ ಮರದವು. ಸುತ್ತಲೂ ಅಗಲವಾದ ವರಾಂಡ, ಅದಕ್ಕೆ ಬಣ್ಣ ಬಳಿದ ಮರದ ಕಟಕಟೆ. ಅಲ್ಲಿನ ಉರಿಬಿಸಿಲಿಗೆ ಸೀಸದ ಬಿಳಿಯ ಬಣ್ಣವು ಕಾಲಕ್ರಮದಲ್ಲಿ ಹುಡಿಯಾಗಿ ಏಳುವುದು. ಮಕ್ಕಳು ಆಡುವುದು ಆ ವರಾಂಡದಲ್ಲಿ. ಹಿಡಿದು ನಿಲ್ಲುವುದು ಆ ಕಟಕಟೆಯನ್ನು. ಹುಡಿಯು ಬೆರಳಿಗೆ ಅಂಟುವುದು. ಬೆರಳು ಚೀಪುವ, ಉಗುರು ಕಚ್ಚುವ ಅಭ್ಯಾಸವಿರುವ ಮಗುವಿನ ಬಾಯಿಗೆ ಅದು ಹೋಗುವುದು. ೧೯೦೪ರಲ್ಲಿ ಗಿಬ್ಸನ್ ಈ ವಾದವನ್ನು ಮಂಡಿಸಿದರು. ಅದನ್ನು ನಂಬದವರೂ ಅನೇಕರಿದ್ದರು. ಕೊನೆಗೆ ೧೯೨೨ರಲ್ಲಿ ಕ್ವೀನ್ಸ್‌ಲೆಂಡ್ ಸರ್ಕಾರವು ಮಕ್ಕಳ ಕೈಗೆಟಕುವ ಕಡೆಗಳಲ್ಲಿ ಸೀಸದ ಬಣ್ಣ ಬಳಿಯುವುದನ್ನು ಕಾನೂನಿನಿಂದ ನಿರ್ಬಂಧಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನವು ಮನೆಬಣ್ಣಗಳಿಂದ ಸೀಸವನ್ನು ಹೊರಗಿಡಲು ೧೯೭೮ರವರೆಗೆ ಕಾಯಬೇಕಾಯಿತು.

ಗಿಬ್ಸನ್ನರ ವಿಚಾರಸರಣಿಯಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಮನೆಯಲ್ಲಿ ಸೀಸ ಎಲ್ಲೆಲ್ಲಿದೆಯೆಂದು ಕೇಳಿದರೆ ಸಾಲದು. ಮಗು ದಿನವಿಡೀ ಎಲ್ಲಿರುವುದು, ಏನನ್ನು ಮುಟ್ಟುವುದು, ಮುಟ್ಟಿದ ಕೈ ಎಲ್ಲಿಗೆ ಹೋಗುವುದು ಎಂದು ಕೇಳಬೇಕು. ಸೀಸವೂ ಮಗುವಿನ ಕೈಯೂ ಎಲ್ಲಿ ಸಂಧಿಸುವುವೋ ಅಲ್ಲಿಯೇ ಮೂಲವಿರುವುದು.

ಎಳೆಯರೇ ಏಕೆ?

ಒಂದೇ ಮನೆಯಲ್ಲಿ ವಾಸವಾಗಿದ್ದರೂ ದೊಡ್ಡವರಿಗಿಂತ ಎಳೆಯ ಮಕ್ಕಳಿಗೆ ಸೀಸವು ಹೆಚ್ಚು ಅಪಾಯಕಾರಿ. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ನಡತೆ. ಅಂಬೆಗಾಲಿಡುವ ಮಗುವಿನ ಲೋಕವೆಂದರೆ ನೆಲ. ಅದರ ಪರೀಕ್ಷಾಶಾಲೆಯೆಂದರೆ ಬಾಯಿ. ಕೈಗೆ ಸಿಕ್ಕಿದುದನ್ನೆಲ್ಲ ಅದು ಬಾಯಿಗೆ ಹಾಕಿಯೇ ತಿಳಿಯುವುದು. ಕೆಲವು ಮಕ್ಕಳು ಮಣ್ಣು, ಗೋಡೆಯ ಚಕ್ಕೆಗಳನ್ನು ಬೇಕೆಂದೇ ತಿನ್ನುವುದೂ ಉಂಟು.

ಎರಡನೆಯದು ಜೀರ್ಣಾಂಗಗಳ ಸ್ವಭಾವ. ವಯಸ್ಕನು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲೊಂದು ಭಾಗ ಮಾತ್ರ ರಕ್ತವನ್ನು ಸೇರುವುದು. ಎಳೆಯ ಮಗುವಿನಲ್ಲಿ ಸುಮಾರು ಅರ್ಧದಷ್ಟು ಸೇರಬಲ್ಲದು. ಬೆಳೆಯುವ ಮೂಳೆಗೆ ಸುಣ್ಣದ ಅಂಶ ಬೇಕಾಗಿರುವುದರಿಂದ ಮಗುವಿನ ಕರುಳು ಅದನ್ನು ಆತುರದಿಂದ ಹೀರುವುದು. ಸೀಸವು ಕ್ಯಾಲ್ಸಿಯಮಿನ ವೇಷ ಹಾಕಿಕೊಂಡು ಅದೇ ಬಾಗಿಲಿನಿಂದ ಒಳಕ್ಕೆ ನುಸುಳುವುದು. ಆಹಾರದಲ್ಲಿ ಕಬ್ಬಿಣವೂ ಕ್ಯಾಲ್ಸಿಯಮೂ ಕಡಿಮೆಯಾದಷ್ಟೂ ಸೀಸಕ್ಕೆ ದೊರೆಯುವ ಸ್ವಾಗತ ಹೆಚ್ಚು. ಬಡವರ ಮಕ್ಕಳು ಎರಡು ಪಟ್ಟು ನಷ್ಟಕ್ಕೆ ಒಳಗಾಗುವುದು ಇದರಿಂದಲೇ.

ಮೂರನೆಯದು ಮಿದುಳಿನ ಅವಸ್ಥೆ. ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಮಿದುಳಿನ ನರತಂತುಗಳ ನಡುವೆ ಅಸಂಖ್ಯಾತ ಸಂಬಂಧಗಳು ಏರ್ಪಡುವುವು. ಈ ಕಾಲದಲ್ಲಿ ಉಂಟಾದ ಕೆಡುಕನ್ನು ಮುಂದೆ ಸರಿಪಡಿಸುವುದು ಕಷ್ಟ. ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಅವರು ಮ್ಯಾಸಚೂಸೆಟ್ಸಿನ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳಲ್ಲಿ ಶೇಖರವಾಗಿದ್ದ ಸೀಸವನ್ನು ಅಳೆದು ೧೯೭೯ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಮೇಲುನೋಟಕ್ಕೆ ಆರೋಗ್ಯವಾಗಿದ್ದ ಮಕ್ಕಳಲ್ಲಿಯೂ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರ ಬುದ್ಧಿಶಕ್ತಿಯ ಅಂಕಗಳು ಕಡಿಮೆಯಾಗಿದ್ದುವು. ತರಗತಿಯಲ್ಲಿ ಗಮನವಿಟ್ಟು ಕುಳಿತುಕೊಳ್ಳುವುದೂ ಅವರಿಗೆ ಕಷ್ಟವಾಗಿತ್ತು. ಸದ್ದಿಲ್ಲದೆ ಬರುವ ಈ ನಷ್ಟವನ್ನು ತಂದೆತಾಯಿಗಳು ಸೋಮಾರಿತನವೆಂದೋ ತುಂಟತನವೆಂದೋ ಭಾವಿಸುವುದು ಸಹಜ.

ರಕ್ತವು ಹೇಳುವುದೆಷ್ಟು?

ರೋಗಲಕ್ಷಣಗಳನ್ನು ಕಾದು ಕುಳಿತರೆ ಕಾಲ ಮಿಂಚಿಹೋಗುವುದು. ಸೀಸವು ದೇಹದಲ್ಲಿದೆಯೆಂದು ತಿಳಿಯಲು ರಕ್ತಪರೀಕ್ಷೆಯೇ ಸರಿಯಾದ ಉಪಾಯ. ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತದಿಂದ ಮೊದಲ ಅಂದಾಜು ಸಿಕ್ಕುವುದಾದರೂ, ಬೆರಳಿಗೆ ಮೆತ್ತಿದ ಧೂಳಿನಲ್ಲಿರುವ ಸೀಸವೇ ಆ ಹನಿಯಲ್ಲಿ ಬೆರೆತು ಲೆಕ್ಕ ತಪ್ಪಿಸಬಹುದು. ಆದುದರಿಂದ ಅಂಕೆ ಹೆಚ್ಚಾಗಿ ಕಂಡರೆ ರಕ್ತನಾಳದಿಂದ ರಕ್ತ ತೆಗೆದು ಮತ್ತೊಮ್ಮೆ ಪರೀಕ್ಷಿಸುವುದು ಅವಶ್ಯ.

ಎಷ್ಟು ಇದ್ದರೆ ಹೆಚ್ಚು? ೧೯೬೦ರ ದಶಕದಲ್ಲಿ ಡೆಸಿಲೀಟರಿಗೆ ೬೦ ಮೈಕ್ರೋಗ್ರಾಮಿನವರೆಗೆ ವೈದ್ಯರು ಚಿಂತಿಸುತ್ತಿರಲಿಲ್ಲ. ಜ್ಞಾನ ಬೆಳೆದಂತೆ ಆ ಗೆರೆ ಇಳಿಯುತ್ತ ಬಂದಿತು: ೧೯೯೧ರಲ್ಲಿ ೧೦, ೨೦೧೨ರಲ್ಲಿ ೫, ೨೦೨೧ರಲ್ಲಿ ೩.೫ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಅದನ್ನು ಕೆಳಕ್ಕೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ೫ ಮೈಕ್ರೋಗ್ರಾಂ ಮುಟ್ಟಿದ ಕೂಡಲೇ ಮೂಲವನ್ನು ಪತ್ತೆಮಾಡಿ ನಿವಾರಿಸಬೇಕೆಂದು ವಿಧಿಸಿತು. ಇಷ್ಟರ ಕೆಳಗೆ ಯಾವ ಕೇಡೂ ಇಲ್ಲವೆಂದು ಹೇಳಬಹುದಾದ ಅಳತೆಯೊಂದೂ ಇದುವರೆಗೆ ಗೊತ್ತಾಗಿಲ್ಲ.

ಆದರೆ ರಕ್ತದ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ರಕ್ತದಲ್ಲಿರುವ ಸೀಸವು ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುವುದು. ಮೂಳೆಯನ್ನು ಸೇರಿದುದು ದಶಕಗಳ ಕಾಲ ಅಲ್ಲೇ ತಂಗುವುದು. ಹೀಗಾಗಿ ಅಂಕೆಯು ಮುಖ್ಯವಾಗಿ ಈಚಿನ ಕೆಲವು ವಾರಗಳ ಸುದ್ದಿಯನ್ನು ಹೇಳುವುದೇ ಹೊರತು, ಸುದ್ದಿ ತಂದವರು ಯಾರೆಂದು ಹೇಳದು. ಅದನ್ನು ತಿಳಿಯಬೇಕಾದರೆ ಪರೀಕ್ಷಾಶಾಲೆಯಿಂದ ಹೊರಟು ಮಗುವಿನ ಮನೆಗೆ ಹೋಗಬೇಕು.

ಯಾರ ರಕ್ತದಲ್ಲಿ ಎಷ್ಟು?

ಮನೆಗೆ ಹೋದ ತಜ್ಞನು ಕೇಳುವ ಮೊದಲ ಪ್ರಶ್ನೆ, ಮನೆಯವರಲ್ಲಿ ಇನ್ನಾರ ರಕ್ತದಲ್ಲಿ ಸೀಸವಿದೆಯೆಂಬುದು. ಎರಡು ವರ್ಷದ ಮಗು, ಎಂಟು ವರ್ಷದ ಅಕ್ಕ, ತಾಯಿ, ತಂದೆ ಇರುವ ಒಂದು ಸಂಸಾರವನ್ನು ಊಹಿಸೋಣ. ಚಿಕ್ಕ ಮಗುವಿನಲ್ಲಿ ಮಾತ್ರ ಅಂಕೆ ಎದ್ದುಕಾಣುವಂತಿದ್ದರೆ ಸಂದೇಹವು ನೆಲ, ಧೂಳು, ಆಟಿಕೆ, ಕಣ್ಣಕಪ್ಪುಗಳ ಕಡೆಗೆ ತಿರುಗಬೇಕು. ಅಂದರೆ ಆ ವಯಸ್ಸಿನವರಿಗೇ ಮೀಸಲಾದ ವಸ್ತುಗಳ ಕಡೆಗೆ. ಮಕ್ಕಳಿಬ್ಬರಲ್ಲಿಯೂ ತಾಯಿಯಲ್ಲಿಯೂ ಹೆಚ್ಚಿದ್ದರೆ ಎಲ್ಲರೂ ಕೂಡಿ ಉಣ್ಣುವ ಅನ್ನದ ಕಡೆಗೆ, ಎಂದರೆ ಅಡಿಗೆಮನೆಯ ಕಡೆಗೆ ನೋಡಬೇಕು. ತಂದೆಯಲ್ಲಿ ಎಲ್ಲರಿಗಿಂತ ಹೆಚ್ಚಿದ್ದರೆ ಅವನ ಉದ್ಯೋಗವನ್ನು ವಿಚಾರಿಸಬೇಕು. ನೆರೆಹೊರೆಯ ಮಕ್ಕಳಲ್ಲೆಲ್ಲ ಹೆಚ್ಚಿದ್ದರೆ ಕಾರಣವು ಮನೆಯೊಳಗಿಲ್ಲ. ಊರಿನ ಗಾಳಿ, ನೀರು, ಮಣ್ಣುಗಳಲ್ಲಿದೆ.

ಕಾಲವೂ ಒಂದು ಸುಳಿವು. ಅಂಬೆಗಾಲಿಡತೊಡಗಿದ ಮೇಲೆ ಅಂಕೆ ಏರಿತೆ? ಹೊಸ ಬಾಡಿಗೆಮನೆಗೆ ಬಂದ ಮೇಲೆಯೆ? ಗೋಡೆ ಕೆರೆದು ಹೊಸ ಬಣ್ಣ ಬಳಿಸಿದ ತಿಂಗಳಲ್ಲಿಯೆ? ಅಜ್ಜಿಯ ಮನೆಗೆ ಹೋಗಿ ಬಂದಾಗ ಇಳಿಯಿತೆ? ಈ ಬಗೆಯ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳು ಎಷ್ಟೋ ವೇಳೆ ಬೆಲೆಬಾಳುವ ಯಂತ್ರಗಳಿಗಿಂತ ಬೇಗನೆ ದಾರಿ ತೋರಿಸುವುವು.

ಮನೆಯೊಳಗಿನ ತಪಾಸಣೆ

ಹಳೆಯ ಮನೆಯಾದರೆ ಮೊದಲು ನೋಡಬೇಕಾದುದು ಬಣ್ಣವನ್ನು. ಭಾರತದಲ್ಲಿ ಮನೆಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂಬ ನಿಯಮವು ೨೦೧೬ರಲ್ಲಿ ರಚಿತವಾಗಿ ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದೆ ಬಳಿದ ಎಣ್ಣೆಬಣ್ಣವು ಬಾಗಿಲು, ಕಿಟಕಿ, ಕಂಬಿ, ತೊಟ್ಟಿಲುಗಳ ಮೇಲೆ ಇನ್ನೂ ಇರಬಹುದು. ಹಳದಿ, ಕಿತ್ತಳೆ, ಹಸಿರು ಮುಂತಾದ ಹೊಳಪಿನ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣಕ್ಕಿಂತ ಚಕ್ಕೆಯೇಳುವ ಬಣ್ಣವೂ, ತೆರೆದು ಮುಚ್ಚುವಾಗ ಉಜ್ಜಿ ಹುಡಿಯಾಗುವ ಕಿಟಕಿಯ ಅಂಚೂ ಹೆಚ್ಚು ಅಪಾಯಕರ. ಮಗು ಚಕ್ಕೆಗಳನ್ನು ನುಂಗಿದ್ದರೆ ಹೊಟ್ಟೆಯ ಕ್ಷ-ಕಿರಣ ಚಿತ್ರದಲ್ಲಿ ಅವು ಬಿಳಿಯ ಚುಕ್ಕೆಗಳಂತೆ ಕಾಣಿಸುವುದುಂಟು.

ಎರಡನೆಯದು ಉದ್ಯೋಗದ ಧೂಳು. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವುದು, ವಾಹನಗಳಿಗೆ ಬಣ್ಣ ಹೊಡೆಯುವುದು, ಬೆಸುಗೆ ಹಾಕುವುದು, ಚಿನ್ನಬೆಳ್ಳಿಯನ್ನು ಶುದ್ಧಿಮಾಡುವುದು ಮುಂತಾದ ಕೆಲಸಗಳಲ್ಲಿ ಸೀಸವು ಬಟ್ಟೆ, ಕೂದಲು, ಪಾದರಕ್ಷೆಗಳ ಮೇಲೆ ಕೂತು ಮನೆಗೆ ಬರುವುದು. ಕೆಲಸವೇ ಮನೆಯಂಗಳದಲ್ಲಿ ನಡೆದರೆ ಅನರ್ಥವು ಇನ್ನೂ ಘೋರ. ಸೆನೆಗಾಲ್ ದೇಶದ ಡಕಾರ್ ನಗರದ ಅಂಚಿನಲ್ಲಿರುವ ತಿಯಾರೊಯ್-ಸುರ್-ಮೇರ್ ಎಂಬಲ್ಲಿ, ಬ್ಯಾಟರಿಯ ಸೀಸವನ್ನು ಮಣ್ಣಿನಿಂದ ಸೋಸಿ ತೆಗೆಯುತ್ತಿದ್ದ ಬಡಾವಣೆಯ ೧೮ ಮಕ್ಕಳು ೨೦೦೭ರ ನವೆಂಬರಿನಿಂದ ೨೦೦೮ರ ಮಾರ್ಚಿಯೊಳಗೆ ತೀರಿಕೊಂಡರು. ನೈಜೀರಿಯದ ಜಂಫಾರ ಪ್ರಾಂತದಲ್ಲಿ ಚಿನ್ನಕ್ಕಾಗಿ ಅದಿರನ್ನು ಮನೆಗಳಲ್ಲಿಯೇ ಅರೆಯುತ್ತಿದ್ದರು. ಆ ಅದಿರಿನಲ್ಲಿ ಸೀಸವೂ ಇತ್ತು. ೨೦೧೦ರಲ್ಲಿ ಬೆಳಕಿಗೆ ಬಂದ ಆ ದುರಂತದಲ್ಲಿ ಕಡಿಮೆಯೆಂದರೂ ೪೦೦ ಮಕ್ಕಳು ಸತ್ತರು.

ಮೂರನೆಯದು ಅಡಿಗೆಮನೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಕಲಾಯಿಯು ಶುದ್ಧ ತವರದ್ದಾದರೆ ಚಿಂತೆಯಿಲ್ಲ. ಅಗ್ಗದ ಆಸೆಗೆ ತವರದೊಡನೆ ಸೀಸ ಬೆರೆಸಿದರೆ ಹುಣಿಸೆಹುಳಿಯ ಸಾರು, ಮಜ್ಜಿಗೆ, ನಿಂಬೆರಸಗಳು ಅದನ್ನು ಕರಗಿಸಿಕೊಳ್ಳುವುವು. ಗುಜರಿ ಲೋಹದಿಂದ ಎರಕಹೊಯ್ದ ಅಲ್ಯೂಮಿನಿಯಂ ಪಾತ್ರೆಗಳೂ ನಿರ್ದೋಷಿಗಳಲ್ಲ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಕಿಂಗ್ ಕೌಂಟಿಯಲ್ಲಿ ಆಫ್ಘನ್ ನಿರಾಶ್ರಿತರ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿ ಕಂಡಾಗ, ವಿಚಾರಣೆಯು ಕೊನೆಗೆ ಅವರು ಸ್ವದೇಶದಿಂದ ತಂದಿದ್ದ ಅಂಥ ಪಾತ್ರೆಗಳನ್ನೂ ಒತ್ತಡದ ಕುಕ್ಕರುಗಳನ್ನೂ ಬೊಟ್ಟುಮಾಡಿ ತೋರಿಸಿತು.

ಪಾತ್ರೆಯಂತೆಯೇ ಪಾತ್ರೆಯೊಳಗಿನ ಪದಾರ್ಥವೂ ವಿಚಾರಣೆಗೆ ಅರ್ಹ. ೨೦೨೩ರಲ್ಲಿ ಅಮೆರಿಕದ ಉತ್ತರ ಕ್ಯಾರೊಲೈನದಲ್ಲಿ ರಕ್ತದಲ್ಲಿ ಸೀಸ ಹೆಚ್ಚಿದ್ದ ನಾಲ್ವರು ಮಕ್ಕಳ ಮೂಲವನ್ನು ಹುಡುಕುತ್ತ ಹೋದ ಆರೋಗ್ಯಾಧಿಕಾರಿಗಳು, ಮಕ್ಕಳಿಗೆ ತಿನ್ನಿಸುತ್ತಿದ್ದ ಸೇಬುಹಣ್ಣಿನ ಪಾಕವನ್ನು ಹಿಡಿದರು. ಪಾಕಕ್ಕೆ ಬೆರೆಸಿದ್ದ ದಾಲ್ಚಿನ್ನಿಯ ಪುಡಿಯಲ್ಲಿ ಸೀಸವಿತ್ತು. ನಾಲ್ಕು ಮನೆಗಳ ಹುಡುಕಾಟದಿಂದ ದೇಶದ ನೂರಾರು ಮಕ್ಕಳಿಗೆ ಒದಗಿದ್ದ ಅಪಾಯ ಹೊರಬಿದ್ದಿತು.

ನಾಲ್ಕನೆಯದು ಅಲಂಕಾರ ಮತ್ತು ಔಷಧ. ಹರಳೆಣ್ಣೆಯ ದೀಪದ ಮಸಿಯಿಂದ ಮನೆಯಲ್ಲಿ ಮಾಡುವ ಕಾಡಿಗೆಯು ಮುಖ್ಯವಾಗಿ ಇಂಗಾಲ. ಕಪ್ಪು ಕಲ್ಲನ್ನು ಅರೆದು ಮಾಡುವ ಸುರ್ಮಾದ ವಿಷಯ ಬೇರೆ; ಆ ಕಲ್ಲು ಎಷ್ಟೋ ವೇಳೆ ಗೆಲೀನ, ಎಂದರೆ ಸೀಸದ ಅದಿರೇ. ಮಗು ಕಣ್ಣುಜ್ಜಿದ ಕೈಯನ್ನೇ ಬಾಯಿಗಿಡುವುದೆಂಬುದನ್ನು ಮರೆಯಬಾರದು. ಕೆಲವು ಸಿಂಧೂರಗಳಲ್ಲಿಯೂ ಸೀಸದ ಕೆಂಪು ಸಿಕ್ಕಿದೆ. ಔಷಧಗಳ ವಿಷಯಕ್ಕೆ ಬಂದರೆ, ನಾಗಭಸ್ಮವೆಂಬ ಹೆಸರೇ ಸೀಸವನ್ನು ಸೂಚಿಸುವುದು. ಸಂಸ್ಕೃತದಲ್ಲಿ ನಾಗವೆಂದರೆ ಸೀಸವೆಂಬ ಅರ್ಥವೂ ಉಂಟು. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯದಲ್ಲಿ ತಯಾರಾದ ೭೦ ಆಯುರ್ವೇದ ಔಷಧಗಳನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ೧೪ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು ಕಂಡುಬಂದಿತು. ಕೂಸಿಗೆ ಏನೇನು ನೆಕ್ಕಿಸಲಾಗುತ್ತಿದೆಯೆಂದು ತಾಯಿಯನ್ನೂ ಅಜ್ಜಿಯನ್ನೂ ಕೇಳದೆ ತಪಾಸಣೆ ಪೂರ್ಣವಾಗದು. ತಪ್ಪು ಹೊರಿಸುವ ಧ್ವನಿಯಲ್ಲಿ ಕೇಳಿದರೆ ನಿಜವಾದ ಉತ್ತರವೂ ದೊರೆಯದು.

ಐದನೆಯದು ನೀರು. ಪಾಶ್ಚಾತ್ಯ ದೇಶಗಳ ಹಳೆಯ ನಗರಗಳಲ್ಲಿ ಸೀಸದ ಕೊಳವೆಗಳೇ ಮುಖ್ಯ ಅಪರಾಧಿಗಳು. ಅಮೆರಿಕದ ಫ್ಲಿಂಟ್ ನಗರದಲ್ಲಿ ೨೦೧೪ರಲ್ಲಿ ನೀರಿನ ಆಕರವನ್ನು ಬದಲಾಯಿಸಿ, ಕೊಳವೆ ಕೊರೆಯದಂತೆ ನೀರಿಗೆ ಸೇರಿಸಬೇಕಾದ ದ್ರವ್ಯವನ್ನು ಸೇರಿಸದೆ ಹೋದುದರಿಂದ, ಹಳೆಯ ಕೊಳವೆಗಳ ಸೀಸವು ಮನೆಮನೆಯ ನಲ್ಲಿಗೆ ಇಳಿದು ಬಂದಿತು. ನೀರನ್ನು ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಸೀಸದ ಸಾಂದ್ರತೆ ಹೆಚ್ಚುವುದಷ್ಟೆ.

ಸೀಸದ ಬೆರಳಚ್ಚು

ಸಂದೇಹಗಳು ಹಲವಿದ್ದಾಗ ನಿರ್ಧರಿಸುವುದು ಹೇಗೆ? ಇದಕ್ಕೆ ಭೌತಶಾಸ್ತ್ರವು ಎರಡು ಸಾಧನಗಳನ್ನು ಒದಗಿಸಿದೆ. ಮೊದಲನೆಯದು ಕೈಯಲ್ಲಿ ಹಿಡಿಯಬಹುದಾದ ಕ್ಷ-ಕಿರಣ ಪ್ರತಿದೀಪ್ತಿ ಯಂತ್ರ. ಅದರಿಂದ ಹೊರಟ ಕ್ಷ-ಕಿರಣವು ಗೋಡೆ, ಪಾತ್ರೆ, ಪುಡಿಗಳ ಮೇಲೆ ಬಿದ್ದಾಗ ಅಲ್ಲಿನ ಒಂದೊಂದು ಧಾತುವೂ ತನಗೇ ವಿಶಿಷ್ಟವಾದ ಕಿರಣವನ್ನು ಹಿಂದಿರುಗಿಸುವುದು. ವಸ್ತುವನ್ನು ಒಡೆಯದೆ, ಕರಗಿಸದೆ, ಕ್ಷಣಮಾತ್ರದಲ್ಲಿ ಅದರಲ್ಲಿ ಸೀಸವಿದೆಯೇ ಇಲ್ಲವೇ ಎಂದು ತಿಳಿಯಬಹುದು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಸೀಸದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ೨೦೪, ೨೦೬, ೨೦೭, ೨೦೮ ಎಂಬ ನಾಲ್ಕು ಭಾರಗಳ ಐಸೋಟೋಪುಗಳು, ಎಂದರೆ ಸಮಸ್ಥಾನಿಗಳು, ಅದಕ್ಕುಂಟು. ಇವುಗಳಲ್ಲಿ ಕೊನೆಯ ಮೂರು ಯುರೇನಿಯಂ ಮತ್ತು ಥೋರಿಯಂ ಧಾತುಗಳು ಕ್ಷಯಿಸುತ್ತ ಹೋದಂತೆ ಹೊಸದಾಗಿಯೂ ಹುಟ್ಟುವುವು. ಆದುದರಿಂದ ಬೇರೆ ಬೇರೆ ಕಾಲದಲ್ಲಿ ರೂಪುಗೊಂಡ ಅದಿರುಗಳಲ್ಲಿ ಈ ನಾಲ್ಕರ ಪ್ರಮಾಣ ಬೇರೆ ಬೇರೆ. ಇದು ಗಣಿಯೊಂದರ ಬೆರಳಚ್ಚಿನಂತೆ. ಮಗುವಿನ ರಕ್ತದಲ್ಲಿನ ಪ್ರಮಾಣವನ್ನು ಬಣ್ಣ, ಮಣ್ಣು, ಮಸಾಲೆಗಳಲ್ಲಿನ ಪ್ರಮಾಣದೊಡನೆ ಹೋಲಿಸಿ, ಹೊಂದದವುಗಳನ್ನು ಒಂದೊಂದಾಗಿ ಬಿಡುತ್ತ ಬರಬಹುದು. ಎರಡು ಮೂಲಗಳ ಅಚ್ಚು ಒಂದೇ ಬಗೆಯಾಗಿದ್ದರೆ ಮಾತ್ರ ಈ ಉಪಾಯವೂ ಸೋಲುವುದು.

ಬಂಗ್ಲಾದೇಶದಲ್ಲಿ ನಡೆದ ಪತ್ತೆಕಾರ್ಯವು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಾಗಿತ್ತು. ತಾಯಿಯ ರಕ್ತದ ಸೀಸವು ಗರ್ಭದಲ್ಲಿರುವ ಶಿಶುವಿಗೂ ದಾಟುವುದು. ಕೀಟನಾಶಕ, ಡಬ್ಬಿಯ ಬೆಸುಗೆ, ಮಣ್ಣು ಮೊದಲಾದುವುಗಳ ಮೇಲೆ ಸಂದೇಹವಿತ್ತು. ಢಾಕಾದ ಐಸಿಡಿಡಿಆರ್,ಬಿ ಸಂಸ್ಥೆ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ರಕ್ತದ ಸೀಸದ ಅಚ್ಚು ಅರಿಸಿನದಲ್ಲಿದ್ದ ಸೀಸದ ಅಚ್ಚಿನೊಡನೆ ಹೊಂದಿತು. ೧೯೮೦ರ ದಶಕದ ಪ್ರವಾಹದಲ್ಲಿ ನೆನೆದು ಮಂಕಾದ ಅರಿಸಿನದ ಕೊಂಬಿಗೆ ಹೊಳಪು ಕೊಡಲೆಂದು ಕ್ರೋಮ್ ಹಳದಿ ಹಚ್ಚುವ ರೂಢಿ ಮೊದಲಾಗಿ, ಅದು ಹಾಗೆಯೇ ಬೆಳೆದುಬಂದಿತ್ತು. ಮೂಲ ಗೊತ್ತಾದ ಮೇಲೆ ಸರ್ಕಾರವು ತಡಮಾಡಲಿಲ್ಲ. ಪ್ರಚಾರವೂ ದಂಡನೆಯೂ ಒಟ್ಟಿಗೆ ನಡೆದುವು. ೨೦೧೯ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ನೂರಕ್ಕೆ ೪೭ರಲ್ಲಿ ಸೀಸವಿದ್ದಿತು. ೨೦೨೧ರ ಹೊತ್ತಿಗೆ ಒಂದರಲ್ಲಿಯೂ ಇರಲಿಲ್ಲ.

ಬೆಂಗಳೂರಿನ ಗಾಳಿ

ನಮ್ಮ ನಾಡಿನಲ್ಲಿಯೂ ಇಂಥ ಒಂದು ಹುಡುಕಾಟ ನಡೆದಿದೆ. ಎಂಜಿನ್ನು ಬಡಿಯದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಪದ್ಧತಿ ೧೯೨೩ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಲೋಕವನ್ನೆಲ್ಲ ಆವರಿಸಿತ್ತು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ಬೆಂಗಳೂರೂ ಸೇರಿದಂತೆ ದೇಶದ ಮಹಾನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ೧೦ ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದ್ದುದು ತಿಳಿದುಬಂದಿತು. ೧೯೯೯ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಈ ವಿಷಯವಾಗಿ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ೨೦೦೦ದಲ್ಲಿ ಸೀಸಬೆರೆತ ಪೆಟ್ರೋಲು ಭಾರತದಲ್ಲಿ ನಿಂತುಹೋಯಿತು. ೨೦೨೧ರಲ್ಲಿ ಅಲ್ಜೀರಿಯವೂ ಅದನ್ನು ಕೈಬಿಟ್ಟ ಮೇಲೆ ಜಗತ್ತಿನ ರಸ್ತೆಗಳಿಂದಲೇ ಮಾಯವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕೇಂದ್ರವು ಸೀಸದ ವಿಷವನ್ನು ಕುರಿತ ಕಾರ್ಯಕ್ಕೆ ನೆಲೆಯಾಯಿತು. ಗಾಳಿಯ ಸೀಸ ಇಳಿಯಿತು. ಆದರೆ ದಶಕಗಳ ಹೊಗೆಯಿಂದ ಉದುರಿದ ಸೀಸವು ರಸ್ತೆಬದಿಯ ಮಣ್ಣಿನಲ್ಲಿ ಉಳಿಯುವುದರಿಂದ, ಮಗು ಆಡುವ ಅಂಗಳವನ್ನೂ ತಪಾಸಣೆಯ ಪಟ್ಟಿಯಲ್ಲಿ ಸೇರಿಸಬೇಕಾಗುವುದು.

ಮೂಲನಿವಾರಣೆಯೇ ಚಿಕಿತ್ಸೆ

ಮೈಗೆ ಸೇರಿದ ಸೀಸವನ್ನು ಔಷಧದಿಂದ ಹೊರಹಾಕಿದರೆ ಆಗದೆ, ಇಷ್ಟೆಲ್ಲ ಹುಡುಕಾಟವೇಕೆ ಎಂದು ವಾಚಕರು ಕೇಳಬಹುದು. ಸೀಸವನ್ನು ಹಿಡಿದು ಮೂತ್ರದ ಮೂಲಕ ಸಾಗಿಸುವ ಔಷಧಗಳು ಉಂಟು. ಅಂಕೆ ಬಹಳ ಏರಿದಾಗ ಅವು ಪ್ರಾಣವನ್ನೇ ಉಳಿಸುವುವು. ಆದರೆ ೨೦ರಿಂದ ೪೪ ಮೈಕ್ರೋಗ್ರಾಂವರೆಗೆ ಸೀಸವಿದ್ದ ೭೮೦ ಎಳೆಯ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು ೨೦೦೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಔಷಧವು ರಕ್ತದ ಸೀಸವನ್ನು ತಗ್ಗಿಸಿತಾದರೂ ಬುದ್ಧಿಶಕ್ತಿಯ ಅಂಕಗಳನ್ನು ಮೇಲಕ್ಕೆ ತರಲಿಲ್ಲ. ಮಿದುಳಿನಲ್ಲಿ ಆದ ನಷ್ಟವನ್ನು ಔಷಧವು ತುಂಬಿಕೊಡಲಾರದು. ಮೂಲವು ಮನೆಯಲ್ಲಿಯೇ ಉಳಿದಿದ್ದರೆ ಆಸ್ಪತ್ರೆಯಿಂದ ಮರಳಿದ ಮಗುವಿನ ರಕ್ತದಲ್ಲಿ ಸೀಸವು ಮತ್ತೆ ಏರತೊಡಗುವುದು. ಆದುದರಿಂದ ಮೂಲವನ್ನು ಕಂಡುಹಿಡಿದು ತೆಗೆಯುವುದೇ ಮುಖ್ಯವಾದ ಚಿಕಿತ್ಸೆ. ಉಳಿದುದೆಲ್ಲ ಅದಕ್ಕೆ ಸಹಾಯಕ.

ಮೂಲ ಗೊತ್ತಾಗುವವರೆಗೂ ಮಾಡಬಹುದಾದ ಕೆಲಸಗಳಿವೆ. ಧೂಳನ್ನು ಪೊರಕೆಯಿಂದ ಎಬ್ಬಿಸದೆ ಒದ್ದೆಬಟ್ಟೆಯಿಂದ ಒರಸಬೇಕು. ಊಟಕ್ಕೂ ನಿದ್ದೆಗೂ ಮುಂಚೆ ಮಗುವಿನ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಪಾದರಕ್ಷೆಗಳನ್ನು ಹೊರಗೆ ಬಿಡುವ ನಮ್ಮ ಹಳೆಯ ಪದ್ಧತಿ ಇಲ್ಲಿ ಬಹು ಪ್ರಯೋಜನಕಾರಿ. ಸೀಸದ ಕೆಲಸ ಮಾಡುವವನು ಸ್ನಾನಮಾಡಿ ಬಟ್ಟೆ ಬದಲಾಯಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಹಳೆಯ ಬಣ್ಣವನ್ನು ಒಣಗಿರುವಾಗ ಕೆರೆಯಲೂ ಬಾರದು, ಸುಡಲೂ ಬಾರದು. ಮಗು ಮನೆಯಲ್ಲಿರುವಾಗಲಂತೂ ಸರ್ವಥಾ ಕೂಡದು. ರಾಗಿ, ಹಾಲು, ಸೊಪ್ಪು, ಬೇಳೆಗಳು ಕ್ಯಾಲ್ಸಿಯಂ ಮತ್ತು ಕಬ್ಬಿಣಗಳನ್ನು ಒದಗಿಸಿ ಸೀಸದ ಪ್ರವೇಶವನ್ನು ಕಡಿಮೆಮಾಡುವುವು. ಮಗುವಿಗೆ ಸೀಸ ಸೋಕಿರಬಹುದೆಂಬ ಸಂದೇಹ ಬಂದರೆ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸುವುದೂ, ಮೂಲವನ್ನು ತೆಗೆದ ಮೇಲೆ ಅಂಕೆ ಇಳಿಯಿತೇ ಎಂದು ಮತ್ತೆ ನೋಡುವುದೂ ಅವಶ್ಯ. ಇಳಿಯದಿದ್ದರೆ ಇನ್ನೊಂದು ಮೂಲ ಉಳಿದಿದೆಯೆಂದು ತಿಳಿದು ಹುಡುಕಾಟವನ್ನು ಮುಂದುವರಿಸಬೇಕು.

ಸೀಸವನ್ನು ಅಳೆಯುವುದು ರಸಾಯನಶಾಸ್ತ್ರಜ್ಞನ ಕೆಲಸ. ಕಾನೂನು ಮಾಡುವುದು ಸರ್ಕಾರದ ಕೆಲಸ. ಆದರೆ ಮಗುವಿನ ಕೈ ದಿನಕ್ಕೆಷ್ಟು ಸಲ ಎಲ್ಲೆಲ್ಲಿ ಸುಳಿದು ಬಾಯಿಗೆ ಬರುವುದೆಂಬುದನ್ನು ಮನೆಯವರಷ್ಟು ಚೆನ್ನಾಗಿ ಬಲ್ಲವರು ಬೇರೊಬ್ಬರಿಲ್ಲ. ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಆ ಪುಟ್ಟ ಕೈಯ ಹಿಂದೆ ಕಣ್ಣಿಟ್ಟು, ಕಂಡುದನ್ನೆಲ್ಲ ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದಾದರೆ, ತಪಾಸಣೆಯ ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.